ಕೂಸು ಜೊತೆಗಿದ್ದರೆ ಯಾವ ಕಡೆ ಹೋಗೋಣ? ಈಸ್ಟರ್ ರಜೆಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಸುತ್ತಿನ ತಿರುಗಾಟಗಳ ಹೋಲಿಕೆ

ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಇದರಲ್ಲಿ ಸೇರಿವೆ. ಫ್ಯಾನಿನ ಕೆಳಗೆ ಕೂತು ಕಡತ ನೋಡುವ ದೊಡ್ಡವರಿಗೇ ಈ ವಿನಾಯಿತಿ ಇರುವಾಗ, ಮೂರು ವರ್ಷದ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ಹನ್ನೆರಡರ ಬಿಸಿಲಲ್ಲಿ ಬರಿಗಲ್ಲಿನ ಮೇಲೆ ಅಲೆಯುವವರನ್ನು ಪ್ರತಿ ರಜೆಯಲ್ಲೂ ಹಂಪಿಯಲ್ಲಿ ಕಾಣಬಹುದು. ಜಾಗದ ಆಯ್ಕೆ ತಪ್ಪಿರುವುದಿಲ್ಲ, ಗಡಿಯಾರ ತಪ್ಪಿರುತ್ತದೆ. ಅದಕ್ಕೇ ಇಲ್ಲಿ ಜಾಗಗಳನ್ನು ಹೆಸರಿನ ಮೇಲೆ ಹೋಲಿಸಿಲ್ಲ. ಯಾವುದು ಬೆಳಿಗ್ಗೆಯದು, ಯಾವುದು ಸಂಜೆಯದು, ಎಲ್ಲಿ ನೆರಳಿದೆ, ಕೂಸು ಎಷ್ಟು ಹೊತ್ತು ತಡೆಯುತ್ತದೆ ಎಂಬುದರ ಮೇಲೆ ಹೋಲಿಸಿದೆ. ಆರು ವರ್ಷದೊಳಗಿನ ಮಕ್ಕಳಿಗೆ ಇಡೀ ದಿನದ ಒಂದು ಪ್ರವಾಸಕ್ಕಿಂತ ಅರ್ಧರ್ಧ ದಿನದ ಎರಡು ಪ್ರವಾಸ ಲೇಸು.

ಮೊದಲು ಕ್ಯಾಲೆಂಡರ್

ಈಸ್ಟರ್ ಬರುವುದು ಮಾರ್ಚ್ 21ಕ್ಕೋ ಅದರ ನಂತರವೋ ಬರುವ ಮೊದಲ ಹುಣ್ಣಿಮೆ ಕಳೆದ ಮೊದಲ ಭಾನುವಾರ. ನಮ್ಮ ಕಡೆ ಎಷ್ಟೋ ವರ್ಷ ಅದೇ ಹುಣ್ಣಿಮೆಯೇ ದವನದ ಹುಣ್ಣಿಮೆ. ಅಂದರೆ ಹಂಪಿಯ ವಿರೂಪಾಕ್ಷನ ತೇರು ಮತ್ತು ಅಂಜನಾದ್ರಿಯ ಹನುಮ ಜಯಂತಿ. 2026ರಲ್ಲಿ ಹನುಮ ಜಯಂತಿ ಏಪ್ರಿಲ್ 2ಕ್ಕೆ, ಶುಭ ಶುಕ್ರವಾರ ಏಪ್ರಿಲ್ 3ಕ್ಕೆ, ಈಸ್ಟರ್ ಏಪ್ರಿಲ್ 5ಕ್ಕೆ: ಬೆನ್ನಿಗೆ ಬೆನ್ನು. ರಜೆ ಸಿಕ್ಕಿತೆಂದು ಗುರುವಾರ ಸಂಜೆಯೇ ಗಾಡಿ ಹತ್ತಿದರೆ ಗಂಗಾವತಿ–ಆನೆಗೊಂದಿ ರಸ್ತೆಯಲ್ಲಿ ತಾಸುಗಟ್ಟಲೆ ನಿಲ್ಲುವ ಪಾಳಿ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬಂದುಬಿಡುತ್ತದೆ, ದವನದ ಹುಣ್ಣಿಮೆ ಏಪ್ರಿಲ್ ಮೂರನೇ ವಾರಕ್ಕೆ. ಆಗ ಈ ತೊಡಕಿಲ್ಲ, ಆದರೆ ಶಾಲೆ ಇನ್ನೂ ಬಿಟ್ಟಿರುವುದಿಲ್ಲ.

ಶುಕ್ರವಾರಕ್ಕೆ ಇನ್ನೆರಡು ಗಂಟುಗಳಿವೆ. ಒಂದು, ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ವಾರದ ರಜೆ ಶುಕ್ರವಾರವೇ. ಎರಡು, ಮುನಿರಾಬಾದ್ ಪಕ್ಕದ ಹುಲಿಗಿಯಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಜನ ಕಿಕ್ಕಿರಿಯುತ್ತಾರೆ. ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವವರು ಆ ದಿನಗಳಲ್ಲಿ ಅರ್ಧ ತಾಸು ಹೆಚ್ಚು ಹಿಡಿದುಕೊಳ್ಳಬೇಕು.

ಹಬ್ಬ ಆಚರಿಸುವ ಮನೆಯವರ ಲೆಕ್ಕ ಬೇರೆ. ಶುಕ್ರವಾರ ಉಪವಾಸ, ಶಿಲುಬೆ ಹಾದಿ. ಶನಿವಾರ ರಾತ್ರಿ ಜಾಗರಣೆಯ ಪೂಜೆ. ಆ ರಾತ್ರಿ ಎಚ್ಚರ ಉಳಿದ ಮಗುವನ್ನು ಭಾನುವಾರ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಹಂಪಿಗೆ ಹೊರಡಿಸುವುದು ದಂಡದ ಕೆಲಸ. ಅವರಿಗೆ ಸರಿಹೊಂದುವುದು ಭಾನುವಾರ ಸಂಜೆಯ ಜಾಗಗಳು: ದರೋಜಿ ಕರಡಿಧಾಮ ಅಥವಾ ತುಂಗಭದ್ರಾ ಅಣೆಕಟ್ಟು. ಬೆಳಗಿನ ಜಾಗಗಳನ್ನು ಮುಂದಿನ ವಾರಕ್ಕಿಟ್ಟರಾಯಿತು.

ಬೆಳಗಿನ ಹೊತ್ತು: ಹಂಪಿಯೋ ಅಂಜನಾದ್ರಿಯೋ

ಎರಡೂ ತುಂಗಭದ್ರಾ ಹೊಳೆಯ ಆಚೆ ಈಚೆ. ಹಂಪಿ ಈಗ ವಿಜಯನಗರ ಜಿಲ್ಲೆ, ಅಂಜನಾದ್ರಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ಬಳ್ಳಾರಿಯಿಂದ ಹೊಸಪೇಟೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಹಂಪಿ 13. ಕೊಪ್ಪಳದಿಂದ ಹೊಸಪೇಟೆ 35ರ ಆಸುಪಾಸು.

ಅಂಜನಾದ್ರಿಗೆ 575 ಮೆಟ್ಟಿಲು. ಐದು ವರ್ಷದ ಚುರುಕು ಮಗು ಹತ್ತುತ್ತದೆ, ಸಂಶಯವಿಲ್ಲ. ಮೊದಲ ಇನ್ನೂರು ಮೆಟ್ಟಿಲು ಓಡುತ್ತದೆ, ಮುನ್ನೂರಕ್ಕೆ ಎತ್ತಿಕೋ ಅನ್ನುತ್ತದೆ. ಆಮೇಲಿನದೆಲ್ಲ ಹದಿನೈದು ಕಿಲೋ ಹೊತ್ತು ಹತ್ತುವ ಕೆಲಸ. ಇಳಿಯುವಾಗ ಇನ್ನೂ ಕಷ್ಟ, ಮಗು ಹೊತ್ತವರಿಗೆ ತಮ್ಮ ಪಾದವೇ ಕಾಣುವುದಿಲ್ಲ. ಎದೆಗೆ ಕಟ್ಟುವ ಚೀಲಕ್ಕಿಂತ ಬೆನ್ನಿಗೆ ಕಟ್ಟುವುದು ಒಳ್ಳೆಯದು ಎನ್ನುವುದು ಇದಕ್ಕೇ. ಇನ್ನು ಕೋತಿಗಳು. ಅವು ಕೈಯನ್ನು ನೋಡುತ್ತವೆ, ಮುಖವನ್ನಲ್ಲ: ಪ್ಲಾಸ್ಟಿಕ್ ಚೀಲದ ಸಪ್ಪಳ ಕೇಳಿದರೆ ಬಂದೇ ಬರುತ್ತವೆ. ಬಾಳೆಹಣ್ಣು, ಬಿಸ್ಕತ್ತು, ಬಣ್ಣದ ನೀರಿನ ಬಾಟಲಿ ಮಗುವಿನ ಕೈಯಲ್ಲಿರಬಾರದು. ಇದ್ದು ಕೋತಿ ಹಿಡಿದರೆ ಬಿಟ್ಟುಬಿಡುವುದನ್ನು ಮೊದಲೇ ಹೇಳಿಕೊಟ್ಟಿರಬೇಕು. ಎಳೆದಾಡಿದರೆ ಪರಚುತ್ತದೆ, ಪರಚಿದರೆ ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಓಡಿ ರೇಬೀಸ್ ಚುಚ್ಚುಮದ್ದು. ರಜೆಯೆಲ್ಲ ಅದರಲ್ಲೇ ಕಳೆಯುತ್ತದೆ.

ನಾಲ್ಕರ ಕೆಳಗಿನ ಮಕ್ಕಳಿಗೆ ಏಪ್ರಿಲ್‌ನಲ್ಲಿ ಅಂಜನಾದ್ರಿ ಬೇಡ. ಐದರ ಮೇಲಾದರೆ ಬೆಳಿಗ್ಗೆ ಆರಕ್ಕೆ ಮೊದಲ ಮೆಟ್ಟಿಲಲ್ಲಿರಿ, ಎಂಟರೊಳಗೆ ಇಳಿದಿರಿ. ಹುಣ್ಣಿಮೆಯ ಹಿಂದುಮುಂದಿನ ಎರಡು ದಿನ ಬಿಡಿ.

ಹಂಪಿಯಲ್ಲಿ ಹತ್ತುವುದು ಕಡಿಮೆ, ಹರವು ಹೆಚ್ಚು. ಎಲ್ಲವನ್ನೂ ತೋರಿಸಬೇಕೆಂಬ ಹಟವೇ ಇಲ್ಲಿ ಕೆಲಸ ಕೆಡಿಸುವುದು. ಮಗುವಿನ ಜೊತೆ ಹೋದಾಗ ಹಂಪಿ ಎಂದರೆ ಎರಡು ಜಾಗ, ಹೆಚ್ಚೆಂದರೆ ಮೂರು.

ಕ್ರಮ ಹೀಗಿದ್ದರೆ ನಡೆಯುತ್ತದೆ. ಏಳರ ಹೊತ್ತಿಗೆ ವಿರೂಪಾಕ್ಷ ದೇವಸ್ಥಾನ. ಟಿಕೆಟ್ಟಿಲ್ಲ, ಕಲ್ಲು ಇನ್ನೂ ತಂಪು, ದೇವಸ್ಥಾನದ ಆನೆ ಕಾಣುವ ಹೊತ್ತು. ಗರ್ಭಗುಡಿಯ ಹಿಂದಿನ ಕತ್ತಲ ಮಂಟಪದಲ್ಲಿ ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಜಾದೂ ಹಂಪಿಯಲ್ಲಿಲ್ಲ. ಅಂಗೈ ಕಿಂಡಿಗೆ ಅಡ್ಡ ಹಿಡಿದರೆ ಗೋಪುರ ಮಾಯ, ತೆಗೆದರೆ ಪ್ರತ್ಯಕ್ಷ. ಪಾಳಿ ಇದ್ದರೂ ನಿಂತು ತೋರಿಸಿ.

8.30ಕ್ಕೆ ಟಿಕೆಟ್ ಜಾಗಗಳು ತೆರೆಯುತ್ತವೆ. ದೊಡ್ಡವರಿಗೆ 40 ರೂಪಾಯಿ, ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ವಿಠ್ಠಲ ದೇವಸ್ಥಾನಕ್ಕೂ ಕಮಲ ಮಹಲಿನ ಆವರಣಕ್ಕೂ ಅದೇ ದಿನ ಅದೇ ಟಿಕೆಟ್ ನಡೆಯುತ್ತದೆ, ಕಳೆದುಕೊಳ್ಳಬೇಡಿ. ಇಲ್ಲಿ ಆಯ್ಕೆ ಮಾಡಲೇಬೇಕು. ವಿಠ್ಠಲಕ್ಕೆ ಗಾಡಿ ಹೋಗುವುದಿಲ್ಲ. ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಿ, ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ರಜೆ ದಿನ ಹತ್ತು ದಾಟಿದರೆ ಆ ಗಾಡಿಯ ಪಾಳಿಯೇ ಮುಕ್ಕಾಲು ತಾಸು, ಮರಳುವಾಗಿನ ಪಾಳಿಗೆ ನೆರಳೂ ಸಾಲದು. ನಡೆದೇ ಹೋಗುತ್ತೇವೆ ಎಂದರೆ ದಾರಿಯಲ್ಲಿ ನೆರಳು ವಿರಳ.

ಮೂರರ ಮೇಲಿನ, ಪ್ರಶ್ನೆ ಕೇಳುವ ಮಗುವಾದರೆ ವಿಠ್ಠಲವೇ ಸರಿ. ಹೋಗುವಾಗ ಜೇಬಿನಲ್ಲಿ ಹೊಸದೊಂದು ಐವತ್ತರ ನೋಟು ಇರಲಿ, ಆ ನೀಲಿ ನೋಟಿನ ಹಿಂಬದಿಯಲ್ಲಿರುವುದು ಇದೇ ಕಲ್ಲಿನ ತೇರು. ನೋಟನ್ನು ತೇರಿನ ಎದುರು ಹಿಡಿದು ಆನೆ ಎಲ್ಲಿ, ಗಾಲಿ ಎಷ್ಟು ಎಂದು ಹುಡುಕಲು ಬಿಟ್ಟರೆ ಇಪ್ಪತ್ತು ನಿಮಿಷ ಸದ್ದಿಲ್ಲ. ಮುಂದಿರುವ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು ಉಳಿದಿವೆ. ಮೊದಲು ತೇರಿಗೆ ಕಟ್ಟಿದ್ದದ್ದು ಕುದುರೆ, ಆನೆಗಳನ್ನು ಆಮೇಲೆ ತಂದಿಟ್ಟರು. ಈ ಕಥೆಯನ್ನು ಮಕ್ಕಳು ಮನೆಗೆ ಬಂದು ಹತ್ತು ಜನಕ್ಕೆ ಹೇಳುತ್ತಾರೆ. ಸಂಗೀತದ ಕಂಬಗಳನ್ನು ಬಡಿಯಲು ಬಿಡುವುದಿಲ್ಲ, ಬಡಿಯಬಾರದು ಕೂಡ. ಮೊದಲೇ ಆಸೆ ಹುಟ್ಟಿಸಿ ಕರೆದೊಯ್ಯಬೇಡಿ.

ಮೂರರ ಕೆಳಗಾದರೆ ವಿಠ್ಠಲವನ್ನು ಪೂರ್ತಿ ಬಿಟ್ಟು ಕಮಲ ಮಹಲು, ಆನೆ ಲಾಯ. ಗಾಡಿ ಹತ್ತಿರದವರೆಗೆ ಹೋಗುತ್ತದೆ, ಹುಲ್ಲಿದೆ, ಮರಗಳಿವೆ, ಕೂಸು ಬಿದ್ದರೂ ಕಲ್ಲಿಗೆ ಬೀಳುವುದಿಲ್ಲ. ಆನೆ ಲಾಯದ ಹನ್ನೊಂದು ಕೋಣೆಗಳಲ್ಲಿ ಒಂದೊಂದರೊಳಗೂ ಕೂಗಿ ಪ್ರತಿಧ್ವನಿ ಕೇಳುವುದೇ ಆಟ. ತಳ್ಳುಗಾಡಿ ಇಲ್ಲಿ ಮಾತ್ರ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಹಂಪಿಯ ಬೇರೆಡೆ ಮೆಟ್ಟಿಲು, ಹೊಸ್ತಿಲು, ಉಬ್ಬುಕಲ್ಲುಗಳಲ್ಲಿ ಅದನ್ನೂ ಹೊರಬೇಕಾಗುತ್ತದೆ. ಹನ್ನೊಂದರೊಳಗೆ ಹೊರಬನ್ನಿ. ಶುಕ್ರವಾರವಲ್ಲದಿದ್ದರೆ ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಇದೆ. ಆಗಷ್ಟೇ ನೋಡಿ ಬಂದ ಗುಡಿ ಎಲ್ಲಿದೆ ಎಂದು ಹುಡುಕಿಸಿ, ಊಟಕ್ಕೆ ಹೊಸಪೇಟೆಗೆ.

ಪ್ರಾಣಿ ನೋಡಬೇಕೆಂದರೆ: ಝೂ ಅಥವಾ ದರೋಜಿ

ಇವೆರಡೂ ಕಮಲಾಪುರದ ಆಸುಪಾಸಿನಲ್ಲೇ ಇರುವುದರಿಂದ ಒಂದೇ ದಿನ ಎರಡೂ ಮುಗಿಸೋಣ ಎನಿಸುವುದು ಸಹಜ. ಸ್ವಭಾವ ಮಾತ್ರ ಒಂದಕ್ಕೊಂದು ತಿರುಗಾಮುರುಗ.

ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಉದ್ಯಾನ ಕಣ್ಣೆದುರು ಪ್ರಾಣಿ ಕಾಣುವ ಜಾಗ. ಬಳ್ಳಾರಿಯ ಹಳೆಯ ಕಿರುಮೃಗಾಲಯದ ಪ್ರಾಣಿಗಳೂ ಇಲ್ಲಿಗೇ ಬಂದಿವೆ. ಬಳ್ಳಾರಿಯಲ್ಲಿ ಮೃಗಾಲಯ ಇದೆ ಎಂಬ ಹಳೆಯ ಮಾಹಿತಿ ನಂಬಿ ಊರೊಳಗೆ ಹುಡುಕಬೇಡಿ. ಸಫಾರಿ ಗಾಡಿಯಲ್ಲಿ ಕೂತರೆ ನೆರಳು, ಗಾಳಿ, ಕುಲುಕಾಟ. ಎರಡು ವರ್ಷದವರಿಗೂ ಖುಷಿ. ತೊಂದರೆ ಒಂದೇ: ಬಿಸಿಲೇರಿದ ಮೇಲೆ ಹುಲಿ, ಚಿರತೆ ಎಲ್ಲ ನೆರಳು ಹಿಡಿದು ಮಲಗಿ ಬೆನ್ನು ಮಾತ್ರ ತೋರಿಸುತ್ತವೆ. ಹನ್ನೆರಡಕ್ಕೆ ಹೋಗಿ ಒಂದೂ ಪ್ರಾಣಿ ಕಾಣಲಿಲ್ಲ ಎಂದು ಬೈಯುವವರೇ ಹೆಚ್ಚು. ಬಾಗಿಲು ತೆರೆದ ಮೊದಲ ತಾಸಿನಲ್ಲಿ ಸಫಾರಿ ಮುಗಿಸಿ, ಆಮೇಲೆ ನಡೆದು ನೋಡುವ ಭಾಗ. ವಾರದ ರಜೆ ಯಾವ ದಿನ ಎಂದು ಹೊರಡುವ ಮೊದಲು ಕೇಳಿಕೊಳ್ಳಿ.

ದರೋಜಿ ಕರಡಿಧಾಮ ಕಾಯುವವರ ಜಾಗ. 1994ರಲ್ಲಿ ಆದದ್ದು, ಸುಮಾರು 83 ಚದರ ಕಿಲೋಮೀಟರ್ ಕುರುಚಲು ಕಾಡು ಮತ್ತು ಬಂಡೆ. ಮಧ್ಯಾಹ್ನದ ಮೇಲೆ ಮಾತ್ರ ಒಳಗೆ ಬಿಡುತ್ತಾರೆ, ಕತ್ತಲಾಗುವ ಮುಂಚೆ ಹೊರಗೆ. ಕರಡಿಕಲ್ಲು ಗುಡ್ಡದ ಎದುರಿಗೆ ವೀಕ್ಷಣಾ ಗೋಪುರ. ಅರಣ್ಯ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ, ಅದನ್ನು ನೆಕ್ಕಲು ಗುಹೆಗಳಿಂದ ಕರಡಿ ಇಳಿದು ಬರುತ್ತವೆ. ಅವು ಬರುವ ಮೊದಲು ನವಿಲು, ಮುಂಗುಸಿ ಪಾಲು ಪಡೆದಿರುತ್ತವೆ, ಮಕ್ಕಳ ಹೊತ್ತು ಕಳೆಯುವುದು ಅವುಗಳಿಂದಲೇ. ಮಾರ್ಚ್ ಏಪ್ರಿಲ್‌ನಲ್ಲಿ ಬಂಡೆ ಕಾದಿರುವುದರಿಂದ ಕರಡಿ ನಾಲ್ಕಕ್ಕಲ್ಲ, ಐದರ ಮೇಲೆ ಹೊರಬರುವುದೇ ಹೆಚ್ಚು. ಮೂರಕ್ಕೇ ಹೋಗಿ ಕೂತರೆ ಕರಡಿ ಬರುವ ಹೊತ್ತಿಗೆ ಮಗುವಿನ ತಾಳ್ಮೆ ತೀರಿ ಅಳು ಶುರು, ಸುತ್ತಲಿನವರ ಕಣ್ಣೆಲ್ಲ ನಿಮ್ಮ ಮೇಲೆ. ನಾಲ್ಕೂವರೆಗೆ ಗೋಪುರ ಹತ್ತಿ.

ಇಲ್ಲಿ ಎಲ್ಲವೂ ದೂರದಲ್ಲಿ. ಬರಿಗಣ್ಣಿಗೆ ಕರಡಿ ಅಲುಗಾಡುವ ಕರಿ ಕಲ್ಲಿನ ಹಾಗೆ ಕಾಣುತ್ತದೆ. ದುರ್ಬೀನು ಬೇಕೇ ಬೇಕು. 8 ಪಟ್ಟು ದೊಡ್ಡದು ಮಾಡುವ ಹಗುರದ್ದು ಸಾಕು, ಅದಕ್ಕಿಂತ ಹೆಚ್ಚಿನದಾದರೆ ಸಣ್ಣ ಕೈಯಲ್ಲಿ ಚಿತ್ರ ನಡುಗುತ್ತದೆ. ನಾಲ್ಕರೊಳಗಿನ ಮಗುವಿಗೆ ಎರಡು ಕಣ್ಣನ್ನೂ ಕೊಳವೆಗೆ ಸರಿಯಾಗಿ ಇಡಲು ಬರುವುದಿಲ್ಲ. ಹಿಂದಿನ ದಿನ ಮನೆಯ ಮಾಳಿಗೆಯ ಮೇಲೆ ಎದುರುಮನೆ ಟ್ಯಾಂಕಿನ ಮೇಲೆ ಕೂತ ಕಾಗೆಯನ್ನು ನೋಡಿಸಿ ಅಭ್ಯಾಸ ಮಾಡಿಸಿ. ಅದೂ ಆಗದಿದ್ದರೆ ಮೊಬೈಲ್ ಕ್ಯಾಮೆರಾವನ್ನು ದುರ್ಬೀನಿನ ಒಂದು ಕಣ್ಣಿಗೆ ಹಿಡಿದು ಪರದೆಯ ಮೇಲೆ ತೋರಿಸಬಹುದು. ಚಿಪ್ಸ್ ಪೊಟ್ಟಣ ಬೇಡ, ಆ ಚರಚರ ಸದ್ದು ಗುಡ್ಡದವರೆಗೂ ಹೋದಂತೆ ಎಲ್ಲರಿಗೂ ಅನಿಸುತ್ತದೆ. ನೆನೆಸಿದ ಕಡಲೆ, ಒಣದ್ರಾಕ್ಷಿ ಡಬ್ಬಿಯಲ್ಲಿ ಒಯ್ಯಿರಿ.

ನಮ್ಮ ತೀರ್ಪು: ಮೂರರ ಕೆಳಗೆ ಝೂ, ಐದರ ಮೇಲೆ ದರೋಜಿ. ನಡುವಿನವರಿಗೆ ಮಗುವಿನ ಸ್ವಭಾವ ನೋಡಿ. ಇರುವೆ ಸಾಲು ನೋಡುತ್ತ ಹತ್ತು ನಿಮಿಷ ಕೂರುವ ಮಗುವಾದರೆ ಧೈರ್ಯವಾಗಿ ದರೋಜಿ. ಎರಡೂ ಬೇಕೇ ಬೇಕೆಂದರೆ ನಡುವೆ ಹೊಸಪೇಟೆಯಲ್ಲಿ ಊಟ, ಮಧ್ಯಾಹ್ನ ನಿದ್ದೆಗೆ ಒಂದು ರೂಮು. ಆ ರೂಮಿನ ಬಾಡಿಗೆಯನ್ನು ದುಂದು ಎಂದು ಎಣಿಸಬೇಡಿ.

ಏಪ್ರಿಲ್ ಸಂಜೆಗಳಲ್ಲಿ ಒಮ್ಮೆಲೆ ಗಾಳಿ ಎದ್ದು ಗುಡುಗು ಮಿಂಚಿನ ಮಳೆ ಹೊಡೆಯುವುದುಂಟು. ದೂರದಲ್ಲಿ ಗುಡುಗು ಕೇಳಿದರೂ ಗೋಪುರ, ಗುಡ್ಡ, ಬಂಡೆಗಳಿಂದ ಇಳಿದು ಗಾಡಿಯೊಳಗೆ ಬನ್ನಿ. ಮರದ ಕೆಳಗೆ ನಿಲ್ಲಬೇಡಿ.

ನೀರು: ಅಣೆಕಟ್ಟು ಮತ್ತು ಸಾಣಾಪುರ

ತುಂಗಭದ್ರಾ ಅಣೆಕಟ್ಟೆಂದರೆ ಮಕ್ಕಳ ಮನಸ್ಸಿನಲ್ಲಿ ಇರುವುದು ಗೇಟಿನಿಂದ ಹಾಲಿನಂತೆ ಧುಮುಕುವ ನೀರಿನ ಫೋಟೋ. ಅದು ಮಳೆಗಾಲದ್ದು. ಏಪ್ರಿಲ್‌ನಲ್ಲಿ ನೀರು ತಳ ಹಿಡಿದಿರುತ್ತದೆ, 33 ಗೇಟುಗಳೂ ಒಣಗಿ ನಿಂತಿರುತ್ತವೆ. ಗೇಟು ತೋರಿಸುತ್ತೇವೆಂದು ಹೇಳಿ ಕರೆದೊಯ್ದರೆ ಮಗುವಿಗೆ ನಿರಾಶೆಯಾಗುತ್ತದೆ. ಉದ್ಯಾನಕ್ಕೆ, ಸಂಜೆಯ ಕಾರಂಜಿಗೆ ಎಂದು ಹೇಳಿ. ಗೇಟಿನ ಬಗ್ಗೆ ಕೇಳುವ ಮಗುವಿಗೆ ಹೇಳಲು ಒಂದು ಕಥೆಯಿದೆ: 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಸರಪಳಿ ಕಡಿದುಕೊಂಡು ಕೊಚ್ಚಿಹೋಯಿತು. ಹರಿಯುವ ನೀರಿನೊಳಗೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯಿ ಮುಚ್ಚಿದರು. ಎಣಿಸುತ್ತ ಹೋಗಿ ಹತ್ತೊಂಬತ್ತನೆಯದು ಯಾವುದು ಎಂದು ಹುಡುಕುವುದು ಐದಾರು ವರ್ಷದವರಿಗೆ ಒಳ್ಳೆಯ ಲೆಕ್ಕ.

ಹೊಸಪೇಟೆ ಬದಿಯ ಉದ್ಯಾನದಲ್ಲಿ ಕಾರಂಜಿ ಇದೆ, ಜನವೂ ಇದೆ. ಮುನಿರಾಬಾದ್ ಬದಿಯಲ್ಲಿ ಪಂಪಾವನ ಇದೆ. ಗದ್ದಲ ಕಡಿಮೆ, ಕೊಪ್ಪಳದವರಿಗೆ ಹತ್ತಿರ, ಓಡಾಡುವ ಕೂಸನ್ನು ಕಣ್ಣಳತೆಯಲ್ಲಿಡಲು ಸುಲಭ. ಎರಡು ವರ್ಷದ ಮಗುವಿಗೆ ಪಂಪಾವನವೇ ಮೇಲು. ಕಾರಂಜಿ ಶುರುವಾಗುವ ಹೊತ್ತಿಗೆ ಅದಕ್ಕೆ ಹೇಗೂ ನಿದ್ದೆ.

ಸಾಣಾಪುರದ ಕೆರೆಯಲ್ಲಿ ಹರಿಗೋಲಿನ ಆಟ. ಬಿದಿರು ಹೆಣೆದು ಹೊದಿಕೆ ಹಾಕಿ ಡಾಂಬರು ಬಳಿದ ಬುಟ್ಟಿ ಅದು. ತಳ ಚಪ್ಪಟೆ, ಮೂಗಿಲ್ಲ, ಹುಟ್ಟು ಒಂದೇ ಕಡೆ ಹಾಕಿದರೆ ಗಿರಗಿರ ತಿರುಗುತ್ತದೆ. ಆ ತಿರುಗಾಟವೇ ಅದರ ಮಜಾ, ವಾಂತಿಯ ಕಾರಣವೂ ಅದೇ. ಊಟವಾದ ತಕ್ಷಣ ಹತ್ತಬೇಡಿ, ಮಗು ಜೊತೆಗಿದೆ, ತಿರುಗಿಸಬೇಡಿ ಎಂದು ಅಂಬಿಗನಿಗೆ ಹತ್ತುವ ಮೊದಲೇ ಹೇಳಿ. ಎಲ್ಲರ ತೂಕ ನಡುವಿಗೆ ಸಮ ಹಂಚಿಕೊಂಡು ತಳದಲ್ಲಿ ಕೂರಬೇಕು, ಫೋಟೋಗೆಂದು ಒಬ್ಬರು ಎದ್ದರೆ ಬುಟ್ಟಿ ಅದೇ ಕಡೆ ವಾಲುತ್ತದೆ. ನೋಡಬೇಕಾದ ಮುಖ್ಯ ಸಂಗತಿ ಲೈಫ್ ಜಾಕೆಟ್. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ತೊಡಿಸಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿ: ಜಾಕೆಟ್ ಗಲ್ಲ ದಾಟಿ ಕಿವಿಗೆ ಬಂದರೆ ಅದು ಆ ಮಗುವಿನದಲ್ಲ. ಕಾಲುಗಳ ನಡುವೆ ಬರುವ ಪಟ್ಟಿ ಇರುವ ಮಕ್ಕಳ ಅಳತೆಯದು ಅಲ್ಲಿ ಸಿಗದಿದ್ದರೆ ದಂಡೆಯ ಮೇಲೆ ಕೂತು ನೋಡಿ, ಅಷ್ಟೇ. ಈ ಕೆರೆಗೆ ನೀರು ಬರುವುದು ಎಡದಂಡೆ ಕಾಲುವೆಯಿಂದ. ಕಾಲುವೆ ಬಂದ್ ಆದರೆ ಕೆರೆ ಇಳಿದು ಕೆಸರು ದಂಡೆ ಉಳಿಯುತ್ತದೆ, ಹೋಗುವ ಮೊದಲು ಆ ಕಡೆಯವರನ್ನು ಕೇಳಿ.

ಹೊಳೆಗೆ ಇಳಿಯುವ ಮಾತೇ ಬೇಡ. ಬೇಸಿಗೆಯ ತುಂಗಭದ್ರೆ ಮೊಣಕಾಲುದ್ದ ಕಾಣುತ್ತದೆ, ಬಂಡೆಗಳ ನಡುವೆ ಒಮ್ಮೆಗೇ ಆಳಕ್ಕಿಳಿಯುತ್ತದೆ, ಸುಳಿ ಇದೆ, ಮೊಸಳೆಯೂ ಇದೆ.

ಛಾವಣಿ ಕೆಳಗಿನವು

ಬಿಸಿಲು 42 ದಾಟಿದ ದಿನಕ್ಕೆ ಎರಡು ಜಾಗ ಹೇಳಬಹುದು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ. ಊರ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಸಾವಿರಾರು ವರ್ಷದ ಹಿಂದೆ ದನ ಸಾಕಿ, ಕಲ್ಲಿನ ಕೊಡಲಿ ಮಾಡಿಕೊಂಡಿದ್ದವರ ವಸ್ತುಗಳು ಇಲ್ಲಿವೆ. ಐದಾರು ವರ್ಷದವರಿಗೆ ಒಂದು ತಾಸು ಹಿಡಿಸುತ್ತದೆ, ಅದಕ್ಕಿಂತ ಸಣ್ಣವರಿಗೆ ಇಪ್ಪತ್ತು ನಿಮಿಷ. ಕುಪಗಲ್ಲಿನಲ್ಲಿ ಬಡಿದರೆ ಗಂಟೆಯಂತೆ ನಾದ ಬರುವ ಕಲ್ಲುಗಳಿವೆ ಎಂದು ಓದಿದ ಹುರುಪಿಗೆ ಅಲ್ಲಿಂದ ನೇರ ಗುಡ್ಡಕ್ಕೆ ಹೋಗಬೇಡಿ. ದೊಡ್ಡ ಬಂಡೆಗಳ ಮೇಲೆ ಕೈಯೂರಿ ಹತ್ತುವ ದಾರಿ ಅದು. ಬಳ್ಳಾರಿ ಕೋಟೆಯೂ ಅಷ್ಟೇ: ಬೋಳು ಬಂಡೆ, ನೆರಳಿಲ್ಲ, ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಮಾತ್ರ ಮಕ್ಕಳಿಗೆ.

ಇನ್ನೊಂದು ಕಿನ್ನಾಳ, ಕೊಪ್ಪಳದಿಂದ ಹದಿಮೂರು ಕಿಲೋಮೀಟರ್ ಸುಮಾರು. ಚಿತ್ರಗಾರರ ಮನೆಗಳಲ್ಲಿ ಬೊಂಬೆ ಆಗುವುದನ್ನೇ ನೋಡಬಹುದು. ಹಗುರವಾದ ಪೊಳಕಿ ಮರ ಕೆತ್ತುತ್ತಾರೆ. ತುಂಡುಗಳನ್ನು ಜೋಡಿಸಲು, ಸಂದು ತುಂಬಲು ಹುಣಸೆಬೀಜದ ಅಂಟು. ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಆ ಅಂಟಿನೊಂದಿಗೆ ಕಲಸಿದ ಮುದ್ದೆಗೆ ಕಿಟ್ಟ ಎನ್ನುತ್ತಾರೆ. ಅದನ್ನು ಬೊಂಬೆಯ ಮೈಗೆಲ್ಲ ಕೈಯಿಂದ ಮೆತ್ತುತ್ತಾರೆ. ಒಡವೆಗಳ ಉಬ್ಬು ಕೆಲಸಕ್ಕೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಮಿಶ್ರಣ. ಒಣಗಲು ಇಟ್ಟ ಬಣ್ಣ ಹಸಿ ಇರುತ್ತದೆ, ಮೂರು ವರ್ಷದ ಕೈ ಅದಕ್ಕೇ ಹೋಗುತ್ತದೆ. ಒಬ್ಬರು ಕೈ ಹಿಡಿದೇ ಇರಬೇಕು. ಇದು ಅವರ ದುಡಿಮೆಯ ಮನೆ, ಪ್ರದರ್ಶನವಲ್ಲ. ಮುಂಚೆ ಕೇಳಿಕೊಂಡು ಹೋಗಿ, ಒಂದು ಸಣ್ಣ ಬೊಂಬೆಯಾದರೂ ಕೊಂಡು ಬನ್ನಿ. ಬೊಂಬೆ ಕಪಾಟಿಗೆ, ಬಾಯಿಗೆ ಹಾಕುವ ವಯಸ್ಸಿನ ಕೂಸಿನ ಕೈಗಲ್ಲ.

ಇಟಗಿಯ ಮಹಾದೇವ ದೇವಾಲಯಕ್ಕೆ ಛಾವಣಿಯ ತಂಪೂ ಇದೆ, ಹಂಪಿಯ ಗದ್ದಲವೂ ಇಲ್ಲ. 1112ರದ್ದು, ಕುಕನೂರಿನಿಂದ ಎಂಟು ಕಿಲೋಮೀಟರ್ ಒಳಗೆ. ಹೋಟೆಲ್ ಹೇಳಿಕೊಳ್ಳುವಂಥದ್ದಿಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಬೆಳಿಗ್ಗೆ ಇಟಗಿ, ಮರಳುವಾಗ ಕುಕನೂರಿನ ನವಲಿಂಗ ಗುಡಿ: ಕೊಪ್ಪಳದವರಿಗೆ ಇದಕ್ಕಿಂತ ಸುಸೂತ್ರವಾದ ಅರ್ಧ ದಿನ ಇಲ್ಲ. ಹಿರೇಬೆಣಕಲ್ಲಿನ ಮೋರ್ಯರ ಮನೆಗಳು, ಅಂದರೆ ಪುರಾತನ ಕಲ್ಲುಗೋರಿಗಳು, ಅದ್ಭುತವೇ ಸರಿ, ಆದರೆ ಮುಕ್ಕಾಲು ತಾಸು ಗುಡ್ಡ ಹತ್ತಬೇಕು. ಡಿಸೆಂಬರ್‌ಗೆ ಇಡಿ.

ರಾಯಚೂರಿನವರಿಗೆ

ಹಂಪಿಗೆ ಇಲ್ಲಿಂದ ಒಂದು ಕಡೆಗೇ ಮೂರು ತಾಸಿನ ಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೂ ಮಗು ದಣಿದು ಇಳಿಯುತ್ತದೆ, ಆದ್ದರಿಂದ ರಾತ್ರಿ ತಂಗುವುದಾದರೆ ಮಾತ್ರ ಹಂಪಿ. ಒಂದು ದಿನಕ್ಕೆ ಊರ ಕೋಟೆಯೇ ಸಾಕು. 1294ರಲ್ಲಿ ಕಾಕತೀಯರ ಕಾಲದಲ್ಲಿ ಕಟ್ಟಿದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಹಲಗೆ ಇದೆ, ಶಾಸನ ಅದರ ಮೇಲೇ ಇದೆ. ಅದನ್ನು ತಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವೂ ಗೋಡೆಯಲ್ಲೇ ಕೊರೆದಿದೆ: ಬಂಡಿ, ಅದರ ಮೇಲೆ ಕಲ್ಲು, ಎಳೆಯುವ ಕೋಣಗಳ ಸಾಲು. ಬೆಳಗಿನ ಓರೆ ಬಿಸಿಲಲ್ಲಿ ಗೆರೆಗಳು ಎದ್ದು ಕಾಣುತ್ತವೆ, ನೆತ್ತಿಯ ಬಿಸಿಲಲ್ಲಿ ಅಳಿಸಿದಂತಾಗುತ್ತವೆ. ಮೊದಲು ಹಲಗೆಯ ಉದ್ದವನ್ನು ಮಗುವಿನ ಹೆಜ್ಜೆಯಲ್ಲಿ ಅಳೆಸಿ, ಆಮೇಲೆ ಕೋಣ ಎಣಿಸಿ. ಗುಡ್ಡದ ಮೇಲಿನ ಭಾಗ ಬಿಟ್ಟರೂ ನಡೆಯುತ್ತದೆ. ಸಂಜೆ ಬೇಕಿದ್ದರೆ ಆಮ್ ತಲಾಬ್ ದಂಡೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ, ಜಲದುರ್ಗ, ಮುದಗಲ್ ಕೋಟೆ ಎಲ್ಲ ಓದು ಬಂದ ಮಕ್ಕಳಿಗೆ.

ಚೀಲದಲ್ಲಿ ಏನು, ಏಕೆ

ಮೊದಲ ವಸ್ತು ದಪ್ಪ ಹತ್ತಿ ಕಾಲುಚೀಲ, ಎರಡು ಜೊತೆ. ಗುಡಿಯಲ್ಲಿ ಚಪ್ಪಲಿ ಬಿಡಬೇಕು, ಹತ್ತೂವರೆಯ ಮೇಲೆ ಅಂಗಳದ ಹಾಸುಗಲ್ಲು ಹಂಚಿನಂತೆ ಕಾದಿರುತ್ತದೆ. ದೊಡ್ಡವರು ಹಾರಿ ಹಾರಿ ದಾಟುತ್ತಾರೆ, ಮಗು ನಿಂತಲ್ಲೇ ನಿಂತು ಅಳುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಐದು ಎಣಿಸುವವರೆಗೆ ಕಲ್ಲಿಗಿಟ್ಟು ನೋಡಿ. ಇಡಲಾಗದಿದ್ದರೆ ಮಗುವನ್ನು ಇಳಿಸಬೇಡಿ.

ಬುತ್ತಿಗೆ ಮೊಸರನ್ನವೇ ಎಲ್ಲರ ಆಯ್ಕೆ, ಮಧ್ಯಾಹ್ನಕ್ಕೆ ಹುಳಿಯೆದ್ದು ಮಗು ಮುಟ್ಟದಿರುವುದೂ ಅದೇ. ಬೆಳಿಗ್ಗೆ ಮೊಸರು ಕಲಸಬೇಡಿ. ಒಂದು ಲೋಟ ಅಕ್ಕಿಯ ಮೆತ್ತನೆ ಅನ್ನ ಆರಿಸಿ, ಎರಡು ಲೋಟ ಕಾಯಿಸಿ ಉಗುರುಬೆಚ್ಚಗಾದ ಹಾಲು ಹಾಕಿ, ಒಂದೇ ಚಮಚ ಮೊಸರು ಸೇರಿಸಿ ಕಲಸಿ ಮುಚ್ಚಿಡಿ. ದಾರಿಯ ಸೆಕೆಗೆ ತಾನೇ ಹೆಪ್ಪಾಗಿ ಊಟದ ಹೊತ್ತಿಗೆ ಸಿಹಿಮೊಸರಿನ ಹದಕ್ಕೆ ಬರುತ್ತದೆ. ಆರು ತಾಸಿನೊಳಗೆ ಉಂಡು ಮುಗಿಸಿ. ಮಂಡಾಳು ಒಗ್ಗರಣೆ ಕೆಡುವುದಿಲ್ಲ, ಆದರೆ ಅದರೊಳಗಿನ ಶೇಂಗಾ ಐದರ ಕೆಳಗಿನವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಆರಿಸಿ ತೆಗೆಯಿರಿ. ಅಷ್ಟು ಸಣ್ಣವರಿಗೆ ಮೇಲೆ ಹೇಳಿದ ಕಡಲೆಯೂ ಬೇಡ, ದ್ರಾಕ್ಷಿಯಾದರೆ ಸೀಳಿ ಕೊಡಿ. ದಾರಿಬದಿ ಹೆಚ್ಚಿಟ್ಟ ಕಲ್ಲಂಗಡಿ ಬೇಡ, ಇಡೀ ಹಣ್ಣು ಕೊಂಡು ಎದುರಿಗೇ ಹೆಚ್ಚಿಸಿ. ತಾಟಿನುಂಗು ಕಂಡರೆ ಬಿಡಬೇಡಿ.

ನೀರು ಮಗುವಿಗೆಂದೇ ಬೇರೆ ಒಂದು ಲೀಟರ್, ಕಾಲು ತಾಸಿಗೊಮ್ಮೆ ಎರಡು ಗುಟುಕು. ಓಆರ್‌ಎಸ್ ಪೊಟ್ಟಣ ಎರಡು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಪೊಟ್ಟಣ ಅಂದಾಜಿಗೆ ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯ. ಅಂಗಡಿಯ ಬಣ್ಣಬಣ್ಣದ ಸಿಹಿ ಪಾನೀಯ ಅದಕ್ಕೆ ಬದಲಿಯಲ್ಲ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆ. ಆರು ತಾಸು ಮೂತ್ರ ಮಾಡದಿದ್ದರೆ, ಮೈ ಬಿಸಿಯಾಗಿ ಮಂಕಾದರೆ, ಕರೆದರೂ ಕಣ್ಣು ಕೊಡದಿದ್ದರೆ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸುತ್ತ ಆಸ್ಪತ್ರೆಗೆ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಮಗುವನ್ನು ಬಿಡಬೇಡಿ. ಬಿಸಿಲಿಗೆ ನಿಂತ ಕಾರು ಹತ್ತುವ ಮೊದಲು ಸೀಟಿನ ಪಟ್ಟಿಯ ಲೋಹದ ಕೊಂಡಿ ಮುಟ್ಟಿ ನೋಡಿ, ತೊಡೆಗೆ ತಾಗಿದರೆ ಬರೆ.

ಬಸ್ಸೋ ರೈಲೋ

ಆರರೊಳಗಿನ ಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಅಮ್ಮ, ಅಜ್ಜಿಗೂ ಇಲ್ಲ. ರಜೆ ದಿನ ಸೀಟೂ ಇಲ್ಲ. ಬಳ್ಳಾರಿ, ಹೊಸಪೇಟೆ, ಮುನಿರಾಬಾದ್, ಕೊಪ್ಪಳ ಒಂದೇ ರೈಲು ಹಳಿಯ ಮೇಲಿವೆ. ಐದರೊಳಗಿನವರಿಗೆ ಬೇರೆ ಸೀಟು ಕೇಳದಿದ್ದರೆ ರೈಲಿನಲ್ಲೂ ದುಡ್ಡಿಲ್ಲ, ಓಡಾಡಲು ಜಾಗ, ಶೌಚಾಲಯ ಇದೆ. ಮಗು ಜೊತೆಗಿದ್ದರೆ ಬೆಳಿಗ್ಗೆ ರೈಲು, ಹೊಸಪೇಟೆಯಿಂದ ಇಡೀ ಅರ್ಧ ದಿನಕ್ಕೆ ಒಂದು ಆಟೋ. ದರವನ್ನು ಹತ್ತುವ ಮೊದಲೇ, ಕಾಯುವ ಹೊತ್ತೂ ಸೇರಿಸಿ ಮಾತಾಡಿ. ಹಂಪಿಯಿಂದ ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಆಟೋ ಹುಡುಕುತ್ತ ನಿಂತವರಿಗೆ ಚೌಕಾಸಿಯ ಬಲ ಉಳಿದಿರುವುದಿಲ್ಲ.